ಭಾವನ ಗಾಡಿ ಮತ್ತೆ ಹಳ್ಳದ ನೀರು

ಆಗುಂಬೆ ಸೀಮೆಲಿ ವರ್ಷಕ್ಕೆ 7500 ಮಿಲಿಮೀಟರ್ ಆಸುಪಾಸು ಮಳೆ ಹೊಯ್ಯುತ್ತೆ, ಅಂಥಾ ಕಡೆ ನೀರು ಕಂಡ್ರೆ ಆಗದಿರೋ ಗಾಡಿ ಇಟ್ಕೊಳ್ಳೋದು ಎಂಥಾ ಕರ್ಮ ಅಂತ ನಮ್ಮ ಭಾವನ್ನೇ ಕೇಳ್ಬೇಕು. ಹೋಂಸ್ಟೇ ಶುರು ಮಾಡಿದ ಮೇಲೆ, ಬೆಂಗ್ಳೂರಿಂದ ಬರೋರಿಗೆ ಬರೀ ಕಡುಬು, ಜಿಗಣೆ ಇಷ್ಟೇ ತೋರಿಸಿದ್ರೆ ಸಾಲಲ್ಲ ಅಂತ ಯಾರೋ ಅವರ ತಲೆಗೆ ತುಂಬಿದ್ರು. ಸರಿ, ಎಲ್ಲಿಂದಲೋ ಒಂದು ಹಳೇ ಎಟಿವಿ, ಅದೇ ಗುಡ್ಡಗಾಡಲ್ಲಿ ಓಡಿಸೋ ಬೈಕ್ ಥರದ ನಾಲ್ಕು ದಪ್ಪ ಗಾಲಿ ಗಾಡಿ, ಲಾರಿ ಮೇಲೆ ಹೇರ್ಕೊಂಡು ಬಂದ್ರು. ಅಕ್ಕ ಜಗಲಿ ಮೇಲಿಂದ ನೋಡಿ, "ಟಾಪ್ ಇಲ್ಲ, ಬಾಗಿಲಿಲ್ಲ, ಬಾಕಿ ಸಾಮಾನು ಮುಂದಿನ ತಿಂಗಳು ಬರುತ್ತಾ?" ಅಂದ್ಲು.

ತೋಟದೊಳಗೆ ಚೆನ್ನಾಗೇ ಓಡ್ತಿತ್ತು, ಸುಳ್ಳು ಹೇಳಬಾರದು. ತೊಂದ್ರೆ ಹಳ್ಳದ್ದು. ನಮ್ಮ ತೋಟಕ್ಕೂ ಮೇಲಿನ ಗುಡ್ಡಕ್ಕೂ ಮಧ್ಯ ಒಂದು ಹಳ್ಳ ಇದೆ, ಜನ ದಾಟೋಕೆ ಸಂಕ ಇದೆ, ಗಾಡಿಗೆ ನೀರೇ ಗತಿ. ಗಾಲಿ ಅರ್ಧ ಮುಳುಗೋ ತನಕ ಗಾಡಿ ಮರ್ಯಾದಸ್ಥ. ಇನ್ನೊಂದು ಗೇಣು ನೀರು ಜಾಸ್ತಿ ಆಯ್ತೋ, ಮಿಸ್ಸಿಂಗ್ ಹೊಡಿಯೋಕೆ ಶುರು, ಬುಸ್ ಬುಸ್ ಅಂದು ನಟ್ಟ ನಡುವೆ ಆಫ್. ತೋಟದ ಆಳುಗಳು ಬಂದು ತಳ್ಳೋ ತನಕ ಗೆಸ್ಟ್‌ಗಳು ಸೀಟಿನ ಮೇಲೆ ಕಾಲು ಮಡಚಿ ಕೂತಿರ್ತಿದ್ರು, ಭಾವ ಹೊತ್ತು ಹೋಗ್ಲಿ ಅಂತ ಭಾಷಣ ಬಿಡ್ತಿದ್ರು, 1970ರಲ್ಲಿ ಹೋಂಡಾದೋರು ಇದನ್ನ ಮೂರು ಗಾಲಿದು ಮಾಡಿದ್ರಂತೆ, ಅದು ಉರುಳೋದು ಜಾಸ್ತಿ ಆಯ್ತಂತೆ, 1982ರಲ್ಲಿ ಸುಜುಕಿಯೋರು ನಾಲ್ಕು ಗಾಲಿದು ತಂದ್ರಂತೆ. ಗೆಸ್ಟ್ ಪಾಪ ಹೂಂಗುಟ್ಟೋದು, ಕಣ್ಣೆಲ್ಲ ಜಿಗಣೆ ಮೇಲೆ. ಕೈಕೊಟ್ಟ ಗಾಡಿ ಮೇಲೆ ಕೂತು ಅದರ ವಂಶಾವಳಿ ಹೇಳೋಕೆ ಎದೆಗಾರಿಕೆ ಬೇಕು ಬಿಡಿ.

ನಮ್ಮೂರಲ್ಲಿ ಗಾಡಿ ನಿಂತ್ರೆ ಮೊದಲು ಕಿಡಿ ಹೊಡೆಯೋ ಪ್ಲಗ್ ಮೇಲೆ ಗೂಬೆ ಕೂರಿಸ್ತಾರೆ. ಪೇಟೆ ಗ್ಯಾರೇಜಿನೋನೂ ಅದನ್ನೇ ಮಾಡಿದ, ಹೊಸ ಪ್ಲಗ್ ಹಾಕಿ ದುಡ್ಡು ತಗೊಂಡು ಕಳಿಸ್ದ. ಮತ್ತೆ ಹಳ್ಳ, ಮತ್ತೆ ಆಫ್. ಒಬ್ರು ಪ್ಲಗ್ ಕ್ಯಾಪಿಗೆ ಸೈಕಲ್ ಟ್ಯೂಬ್ ಸುತ್ತಿ ಅಂದ್ರು, ಇನ್ನೊಬ್ರು ಮೇಣ ಕರಗಿಸಿ ಹುಯ್ಯಿ ಅಂದ್ರು. ಪಕ್ಕದ ತೋಟದ ಹಿರಿಯರಂತೂ, "ನಾವು ಪೆಟ್ರೋಲ್ ಜೀಪಲ್ಲಿ ಹೊಳೆ ದಾಟುವಾಗ ಫ್ಯಾನ್ ಬೆಲ್ಟ್ ತೆಗೆದಿಡ್ತಿದ್ವಿ ಮಾರಾಯ, ಇಲ್ದಿದ್ರೆ ಫ್ಯಾನು ನೀರನ್ನ ಎತ್ತಿ, ಪ್ಲಗ್ಗುಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರಿಗೆ ಎರಚ್ತದೆ" ಅಂದ್ರು. ಜೀಪಿಗೆ ಅದು ನೂರಕ್ಕೆ ನೂರು ಸರಿ. ಭಾವ ಟಾರ್ಚ್ ಹಿಡ್ಕೊಂಡು ಆ ಗಾಡಿಲಿ ಇಲ್ಲದಿರೋ ಫ್ಯಾನ್ ಬೆಲ್ಟನ್ನ ಒಂದು ಸಂಜೆ ಪೂರ್ತಿ ಹುಡುಕಿದ್ರು.

ಕೊನೆಗೆ ನಾನು ಅಂದೆ, "ಭಾವ, ಕರೆಂಟ್ ಸೋರ್ತಿದ್ಯಾ ಅಂತ ಮೊದಲು ನೋಡೋಣ." ರಾತ್ರಿ ಕೊಟ್ಟಿಗೆಲಿ ಲೈಟ್ ಆಫ್ ಮಾಡಿ, ಎಂಜಿನ್ ಸ್ಟಾರ್ಟ್ ಇಟ್ಟು, ಪ್ಲಗ್ ವೈರಿಗೆ, ಪ್ಲಗ್ಗಿಗೆ ಕರೆಂಟ್ ಕೊಡೋ ಕಾಯಿಲಿಗೆ ಸ್ಪ್ರೇ ಬಾಟ್ಲಿಯಿಂದ ನೀರು ಹೊಡೆಯೋದು. ಎಲ್ಲಾದ್ರೂ ಇನ್ಸುಲೇಷನ್ ಹೋಗಿದ್ರೆ ಕತ್ತಲಲ್ಲಿ ನೀಲಿ ಕಿಡಿ ಕಾಣುತ್ತೆ, ಸಾವಿರಾರು ವೋಲ್ಟು ಅಲ್ವಾ, ಕೈ ಮಾತ್ರ ದೂರ ಇರ್ಬೇಕು. ಹೊಡೆದಿದ್ದೇ ಹೊಡೆದಿದ್ದು. ಕಿಡಿ ಇಲ್ಲ, ಎಂಜಿನ್ ಒಂದು ಬೀಟೂ ತಪ್ಪಲಿಲ್ಲ. ದನ ಮಾತ್ರ ರಾತ್ರಿಯಿಡೀ ಮಲಗಲಿಲ್ಲ, ಬೆಳಿಗ್ಗೆ ಹಾಲೂ ಕೊಡ್ಲಿಲ್ಲ, ಅದರ ಲೆಕ್ಕ ಅಕ್ಕ ಇವತ್ತಿಗೂ ನನ್ನ ಖಾತೆಲಿ ಇಟ್ಟಿದಾಳೆ.

ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ಕಾಯಿಲ್ ನೆಂದು ಮಿಸ್ಸಿಂಗ್ ಹೊಡೀತಿದ್ರೆ ದಡಕ್ಕೆ ಬಂದ ಮೇಲೂ ಆರೋ ತನಕ ಒದ್ದಾಡ್ಬೇಕು. ಈ ಗಾಡಿ ದಡಕ್ಕೆ ತಳ್ಳಿದ ತಕ್ಷಣ ಏನೂ ಆಗೇ ಇಲ್ವೇನೋ ಅನ್ನೋ ಹಂಗೆ ಸ್ಟಾರ್ಟ್ ಆಗ್ತಿತ್ತು. ಅಂದ್ರೆ ಎಂಜಿನ್ನಿಗೆ ನೀರು ಹೋಗ್ತಾನೇ ಇಲ್ಲ, ಇದಕ್ಕೆ ಉಸಿರು ಕಟ್ತಿದೆ! ಮಲಗಿ ನೋಡಿದ್ರೆ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡೋ ಕಾರ್ಬೊರೇಟರಿಂದ ಎರಡು ಸಣ್ಣ ಪೈಪು ಕೆಳಗೆ ಜೋತಾಡ್ತಿವೆ. ಕಾರ್ಬೊರೇಟರಿನ ಬಟ್ಟಲಲ್ಲಿ ಪೆಟ್ರೋಲ್ ಇರುತ್ತಲ್ಲ, ಅದರ ಮೇಲೆ ಹೊರಗಿನ ಗಾಳಿ ಒತ್ತಿದ್ರೇನೇ ಜೆಟ್ಟಿಗೆ, ಅಂದ್ರೆ ಅದರ ಸಣ್ಣ ತೂತಿಗೆ, ಪೆಟ್ರೋಲ್ ಸರಿಯಾಗಿ ಹೋಗೋದು, ಆ ಗಾಳಿ ಬರೋ ದಾರಿನೇ ಈ ಪೈಪು. ಅದರ ತುದಿ ನೀರಲ್ಲಿ ಮುಳುಗಿತೋ, ದಾರಿ ಬಂದ್. ಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದು ಬಗ್ಗಿಸಿದ್ರೆ ಗೊಳ್ ಗೊಳ್ ಅಂತ ತಡೆದು ತಡೆದು ಬೀಳುತ್ತಲ್ಲ, ಅದೇ ಕಥೆ.

ಇದಕ್ಕೆ ಬೇಕಾಗಿದ್ದು ಟೀ, ಅಂದ್ರೆ ಮೂರು ಬಾಯಿಯ ಪೈಪ್ ಜಾಯಿಂಟು, ಮತ್ತೆ ಒಂದಷ್ಟು ಪೈಪು. ಪೇಟೆಗೆ ಹೋಗೋ ಕೆಲಸ ಇರ್ಲಿಲ್ಲ, ಅಡಿಕೆ ತೋಟದ ಡ್ರಿಪ್ಪಿನ ಸಣ್ಣ ಪೈಪು, ಅದರ ಟೀ ಎರಡೂ ಮನೇಲೇ ಇತ್ತು. ಆ ಎರಡು ಪೈಪಿಗೂ ನಡುವೆ ಒಂದೊಂದು ಟೀ ಹಾಕಿ, ಅದರಿಂದ ಇನ್ನೊಂದು ಪೈಪನ್ನ ಮೇಲಕ್ಕೆ ಎಳೆದು ಹ್ಯಾಂಡಲ್ ಹತ್ರ ಕಟ್ಟೋದು. ಕೆಳಗಿನ ಬಾಯಿ ಮುಳುಗಿದ್ರೂ ಮೇಲಿನ ಬಾಯಿ ಗಾಳಿ ಎಳೆಯುತ್ತೆ. ಪೈಪು ಎಲ್ಲೂ ಮಡಚಿಕೊಳ್ಳದ ಹಂಗೆ ನೋಡ್ಕೊಂಡ್ರೆ ಸಾಕು. ಖರ್ಚು ಹೆಚ್ಚುಕಮ್ಮಿ ಸೊನ್ನೆ, ಭಾವಂಗೆ ಅದೇ ಬೇಜಾರು, ಇಷ್ಟು ಸುಲಭಕ್ಕೆ ಸರಿ ಹೋದ್ರೆ ಊರಲ್ಲಿ ಹೇಳ್ಕೊಳ್ಳೋಕೆ ಏನಿರುತ್ತೆ?

ಮಾರನೇ ದಿನ ಊರೆಲ್ಲ ಹಳ್ಳದ ದಡದಲ್ಲಿ. ಫ್ಯಾನ್ ಬೆಲ್ಟ್ ಹಿರಿಯರೂ ಕೊಡೆ ಹಿಡ್ಕೊಂಡು ಬಂದಿದ್ರು. ಭಾವ ಇಳಿಸಿದ್ರು, ಗಾಲಿ ಮುಳುಗ್ತು, ಪೈಪು ಮುಳುಗ್ತು, ಎಂಜಿನ್ ಗುಂಯ್ ಅಂತ ಒಂದೇ ಸಮ. ಎಲ್ಲರೂ ಚಪ್ಪಾಳೆ. ಹಳ್ಳದ ನಡುವೆ ಇನ್ನೊಂದು ಸ್ವಲ್ಪ ಆಳ ಬಂತು ನೋಡಿ, ಎಂಜಿನ್ ಇನ್ನೂ ಜೋರಾಯ್ತು, ಗಾಡಿ ಮಾತ್ರ ನಿಂತಲ್ಲೇ. ಬೆಲ್ಟ್ ಕವರೊಳಗೆ ನೀರು ಹೋಗಿ, ಎಂಜಿನ್ ಶಕ್ತಿನ ಗಾಲಿ ಕಡೆ ದಾಟಿಸೋ ಡ್ರೈವ್ ಬೆಲ್ಟ್ ಜಾರ್ತಿತ್ತು.

"ಭಾವ, ಗೇರ್ ನ್ಯೂಟ್ರಲ್ಲಿಗೆ ಹಾಕಿ, ಆಕ್ಸಿಲೇಟರ್ ಬಿಡಿ, ಮೊದಲು ದಡಕ್ಕೆ ತಳ್ತೀವಿ, ಆಮೇಲೆ ಕೆಳಗಿನ ಡ್ರೈನ್ ಬಿಚ್ಚಿ ರೇಸ್ ಮಾಡಿದ್ರೆ ನೀರು ಹೊರಗೆ ಹೋಗುತ್ತೆ" ಅಂತ ನಾನು ಕೂಗ್ತಿದೀನಿ. ಹಿರಿಯರು ಕೊಡೆ ಮಡಚಿ, ನನ್ನ ಕಡೆ ತಿರುಗಿ, "ನೋಡ್ದ್ಯಾ, ಬೆಲ್ಟ್ ಅಂತ ನಾನು ಅವತ್ತೇ ಹೇಳಿರ್ಲಿಲ್ವಾ?" ಅಂದ್ರು.