ವಸಂತನರಸಾಪುರ ಮತ್ತು ಬಾರ್ಸಿಲೋನಾ: ಒಂದು ಸ್ಪಷ್ಟನೆ

‘ಬಾರ್ಸಿಲೋನಾದ ಇನ್ನೋವೇಶನ್ ಡಿಸ್ಟ್ರಿಕ್ಟ್‌ಗಾಗಿ ಹಳೆಯ ನಿವಾಸಿಗಳ ಮನೆಗಳನ್ನೆಲ್ಲ ಕೆಡವಲಾಯಿತು, ವಸಂತನರಸಾಪುರಕ್ಕೆ ಬರುತ್ತಿರುವುದೂ ಅದೇ ಯೋಜನೆ, ತುಮಕೂರಿನ ಬಾಡಿಗೆದಾರರು ಮನೆ ಖಾಲಿ ಮಾಡಬೇಕಾಗುತ್ತದೆ’ ಎಂಬ ಸಂದೇಶವೊಂದು ನಮ್ಮ ಊರಿನ ವಾಟ್ಸ್‌ಆ್ಯಪ್ ಬಳಗಗಳಲ್ಲಿ ಹರಿದಾಡುತ್ತಿದೆ. ಇದರ ಎರಡೂ ಭಾಗಗಳು ತಪ್ಪು.

ಇನ್ನೋವೇಶನ್ ಡಿಸ್ಟ್ರಿಕ್ಟ್ ಎಂದರೆ ಹೊಸ ತಂತ್ರಜ್ಞಾನದ ಉದ್ದಿಮೆಗಳಿಗೆಂದು ರೂಪಿಸಿದ ನಗರಭಾಗ. ಅದಕ್ಕಾಗಿ ಬಾರ್ಸಿಲೋನಾ ನಗರಾಡಳಿತವು 2000ದಲ್ಲಿ ಒಪ್ಪಿದ 22@ ಎಂಬ ಯೋಜನೆಯು ಪೋಬ್ಲೆನೋ ಎಂಬ ಹಳೆಯ ಗಿರಣಿ ಪ್ರದೇಶದ ಸುಮಾರು 200 ಹೆಕ್ಟೇರಿಗೆ ಸಂಬಂಧಿಸಿದ್ದು. ಕೈಗಾರಿಕೆಗೆಂದೇ ಮೀಸಲಾಗಿದ್ದ ಆ ಜಾಗದಲ್ಲಿ ನಿಯಮಬಾಹಿರವೆನಿಸಿಕೊಂಡಿದ್ದ 4,600ಕ್ಕೂ ಹೆಚ್ಚು ಮನೆಗಳನ್ನು ಯೋಜನೆ ಕೆಡವಲಿಲ್ಲ, ಸಕ್ರಮಗೊಳಿಸಿತು; ಜೊತೆಗೆ ಸುಮಾರು 4,000 ನಿಯಂತ್ರಿತ ದರದ ಹೊಸ ಮನೆಗಳ ಗುರಿಯನ್ನೂ ಇಟ್ಟುಕೊಂಡಿತು. ಹಾಗೆಂದು ಯಾರಿಗೂ ತೊಂದರೆಯಾಗಲಿಲ್ಲ ಎನ್ನಲಾಗದು. ಕಾನ್ ರಿಕಾರ್ಟ್ ಎಂಬ ಹಳೆಯ ಗಿರಣಿ ಆವರಣದಲ್ಲಿದ್ದ ಸಣ್ಣ ಕಾರ್ಯಾಗಾರಗಳೂ ಕಲಾವಿದರೂ 2005–06ರ ಸುಮಾರಿಗೆ ಜಾಗ ಬಿಡಬೇಕಾಯಿತು, ಅದರ ವಿರುದ್ಧ ಸ್ಥಳೀಯರು ಬಲವಾಗಿಯೇ ಹೋರಾಡಿದರು. ಸಂದೇಶ ಬರೆದವರು ಇದನ್ನು ಹೇಳಿದ್ದರೆ ಅವರ ಆತಂಕಕ್ಕೆ ಹೆಚ್ಚು ತೂಕವಿರುತ್ತಿತ್ತು.

ಇನ್ನು ವಸಂತನರಸಾಪುರ. ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರ್‌ನ ಭಾಗವಾಗಿ ತುಮಕೂರಿಗೆ ಕೇಂದ್ರ ಸಂಪುಟ ಸಮಿತಿ 2020ರ ಡಿಸೆಂಬರ್‌ನಲ್ಲಿ ಒಪ್ಪಿಗೆ ನೀಡಿದ್ದು ನಗರದ ಹೊರಗಿನ ಈ ಕೈಗಾರಿಕಾ ಪ್ರದೇಶಕ್ಕೆ. ಅದು ನಗರದೊಳಗಿನ ಬಡಾವಣೆಗಳ ಮರುನಿರ್ಮಾಣವಲ್ಲ. ಅಲ್ಲಿಯ ರೈತರ ಜಮೀನಿನ ಪ್ರಶ್ನೆ ಬೇರೆಯೇ ಆಗಿದ್ದು, ಅದನ್ನು ಬಾಡಿಗೆಯ ಭೀತಿಯೊಡನೆ ಬೆರೆಸಿದರೆ ಎರಡೂ ಮಸುಕಾಗುತ್ತವೆ. ಆದ್ದರಿಂದ ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಬಳಗದಲ್ಲಿ ಈ ಸ್ಪಷ್ಟನೆಯನ್ನೂ ಹಾಕಿ.