ಆ ಚಿತ್ರದಲ್ಲಿರುವುದು ಗಾಜಲ್ಲ, ಬಣ್ಣ

ಅಮೆರಿಕದ ಗಾಜು ಕಲಾವಿದ ಡೇಲ್ ಚಿಹುಲಿ ಅವರ ದೊಡ್ಡ ಅಮೂರ್ತ ಚಿತ್ರವೊಂದನ್ನು 'ಕಾಗದದ ಮೇಲೆ ಕರಗಿದ ಗಾಜು ಸುರಿದು ಮಾಡಿದ್ದು' ಎಂದು ಹಲವರು ಹಂಚುತ್ತಿದ್ದಾರೆ. ಇದು ತಪ್ಪು. ಕುಲುಮೆಯಲ್ಲಿ ಗಾಜು 1,000 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಕಾದಿರುತ್ತದೆ. ಕಾಗದ ಸುಟ್ಟೇ ಹೋಗುತ್ತದೆ, ಅಲ್ವಾ? ಅವರು ಬಳಸುವುದು ಅಕ್ರಿಲಿಕ್ ಬಣ್ಣ. ಕಾಗದವನ್ನು ನೆಲದ ಮೇಲೆ ಹಾಸಿ, ಬಾಟಲಿಯಿಂದ ನೇರವಾಗಿ ಬಣ್ಣ ಹಿಂಡುತ್ತಾರೆ. ಹಾಗಾಗಿಯೇ ಗೆರೆಗಳು ಹಗ್ಗದ ಹಾಗೆ ಉಬ್ಬಿ ನಿಲ್ಲುತ್ತವೆ. ಫೋಟೊದಲ್ಲಿ ನೋಡಿದವರಿಗೆ ಗಾಜು ಅನ್ನಿಸುವುದು ಸಹಜ.

ಇದೆಲ್ಲ ಸುಮ್ನೆ ಹವ್ಯಾಸ ಎಂಬ ಮಾತೂ ಸರಿಯಲ್ಲ. 1976ರ ಕಾರು ಅಪಘಾತದಲ್ಲಿ ಅವರ ಎಡಗಣ್ಣಿನ ದೃಷ್ಟಿ ಹೋಯಿತು. 1979ರಲ್ಲಿ ಭುಜಕ್ಕೆ ಪೆಟ್ಟಾದ ಮೇಲೆ ತಾವೇ ಗಾಜು ಊದುವುದನ್ನು ಬಿಟ್ಟರು. ಮನಸ್ಸಿನಲ್ಲಿರುವ ಆಕಾರವನ್ನು ತಂಡಕ್ಕೆ ತಿಳಿಸಲು ಚಿತ್ರ ಬರೆಯುವುದೇ ಅವರ ದಾರಿಯಾಯಿತು.