ಕೆಲಸ ಇಷ್ಟ, ನೌಕರಿ ಕಷ್ಟ

ಎನ್‌ಜಿಒ ಸಿಬ್ಬಂದಿಗೆ ‘ಕೆಲಸ ತೃಪ್ತಿ ಕೊಟ್ಟಿದೆಯಾ?’ ಅಂತ ಐದಕ್ಕೆ ಅಂಕ ಕೇಳೋದು, ಬಂದ ಸರಾಸರಿಯನ್ನ ಆಡಳಿತ ಮಂಡಳಿ ಮುಂದಿಟ್ಟು ‘ನಮ್ಮವರು ಖುಷಿಯಾಗಿದ್ದಾರೆ’ ಅನ್ನೋದು ಈ ವಲಯದ ಹಳೇ ಚಾಳಿ. ಆ ಒಂದು ಪ್ರಶ್ನೆಯಲ್ಲಿ ಎರಡು ಸಂಗತಿ ಕಲಸಿಹೋಗಿವೆ. ಮಾಡೋ ಕೆಲಸ ಬೇರೆ, ಅದನ್ನ ಮಾಡಿಸಿಕೊಳ್ಳೋ ನೌಕರಿ ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ಇದನ್ನ ಬಿಡಿಸಿ ಹೇಳಿದ್ದರು: ತೃಪ್ತಿ ಹುಟ್ಟೋದು ಸಾಧನೆ, ಮನ್ನಣೆ, ಕೆಲಸದ ತಿರುಳಿನಿಂದ, ಅತೃಪ್ತಿ ಹುಟ್ಟೋದು ಸಂಬಳ, ಭದ್ರತೆ, ಮೇಲ್ವಿಚಾರಣೆ ಕೆಟ್ಟಾಗ. ಮೊದಲನೆಯದು ಎಷ್ಟೇ ಇದ್ದರೂ ಎರಡನೆಯದನ್ನ ಅಳಿಸಲ್ಲ. ಈ ಸಿದ್ಧಾಂತಕ್ಕೆ ಟೀಕೆಗಳೂ ಇವೆ, ಆದರೆ ಎನ್‌ಜಿಒಗಳಿಗೆ ಮಾತ್ರ ಅಳತೆ ಕೊಟ್ಟು ಹೊಲಿಸಿದ ಹಾಗಿದೆ.

ನೌಕರಿ ಕೆಡೋದು ಬಹುಪಾಲು ಬಜೆಟ್ ಶೀಟಿನಲ್ಲಿ. ಒಬ್ಬ ಫೀಲ್ಡ್ ಕೋಆರ್ಡಿನೇಟರ್ ಸಂಬಳವನ್ನ ಮೂರು ಪ್ರಾಜೆಕ್ಟ್‌ಗಳ ಮೇಲೆ ಶೇ 40, 35, 25 ಅಂತ ಹಂಚಿದ್ದಾರೆ ಅಂದ್ಕೊಳ್ಳಿ. ವಾರಕ್ಕೆ 40 ಗಂಟೆ ಲೆಕ್ಕ ಹಿಡಿದರೆ 16, 14, 10. ಮೂರನೇ ಫಂಡ್ ಮುಗೀತು. ಹತ್ತು ಗಂಟೆ ಸಂಬಳಕ್ಕೆ ದಿಕ್ಕಿಲ್ಲ, ಆದರೆ ಆ ಪ್ರಾಜೆಕ್ಟಿನ ಜನ ಫೋನ್ ಮಾಡೋದು ನಿಲ್ಲಿಸ್ತಾರಾ? ಇತ್ತ ಮೂರು ದಾನಿಗಳಿಗೆ ಮೂರು ನಮೂನೆ ವರದಿ, ಮೂರು ಡೆಡ್‌ಲೈನ್. ವರದಿ ಬರೆಯೋಕೆ ಟೈಮ್‌ಶೀಟಿನಲ್ಲಿ ಕಾಲಮ್ಮೇ ಇಲ್ಲ, ಹಾಗಾಗಿ ಅದು ರಜೆ ದಿನದ ರಾತ್ರಿಗೆ ಜಾರುತ್ತೆ.

ದಾನಿ ಓವರ್‌ಹೆಡ್, ಅಂದ್ರೆ ಸಂಸ್ಥೆ ನಡೆಸೋ ಆಡಳಿತ ಖರ್ಚು, ಕಮ್ಮಿ ಇರಲಿ ಅಂತಾರೆ. ಸಂಸ್ಥೆ ಕಮ್ಮಿ ತೋರಿಸುತ್ತೆ. ದಾನಿ ಅದನ್ನೇ ನಿಜ ಅಂತ ನಂಬಿ ಮುಂದಿನ ಸಲ ಇನ್ನೂ ಕಮ್ಮಿ ಕೇಳ್ತಾರೆ. 2009ರಲ್ಲಿ ಎನ್‌ಜಿಒ ಸಲಹೆಗಾರರಾದ ಆನ್ ಗಾಗಿನ್ಸ್ ಗ್ರೆಗರಿ, ಡಾನ್ ಹೋವರ್ಡ್ ಇದನ್ನೇ ‘ಸ್ಟಾರ್ವೇಶನ್ ಸೈಕಲ್’ (ಹಸಿವಿನ ಚಕ್ರ) ಅಂತ ಕರೆದದ್ದು. ಮೊದಲು ಕತ್ತರಿ ಬೀಳೋದು ತರಬೇತಿಗೆ, ಎಚ್‌ಆರ್‌ಗೆ, ಅಕೌಂಟ್ಸ್‌ಗೆ. ಆ ಕೆಲಸಗಳೂ ಕೊನೆಗೆ ಫೀಲ್ಡ್‌ನವರ ಹೆಗಲಿಗೇ.

ಇನ್ನು ಸರ್ವೆ. ಬೇಸತ್ತವರು ಆಗಲೇ ಬಿಟ್ಟು ಹೋಗಿರ್ತಾರೆ, ಉತ್ತರಿಸೋದು ಉಳಿದವರು. ಅಂಕ ಏರದೆ ಏನು ಮಾಡುತ್ತೆ? ತೃಪ್ತಿ ಬಿಡಿ, ಸಂಗತಿ ಕೇಳಿ: ಕಳೆದ ತಿಂಗಳು ಎಷ್ಟು ರಜೆ ದಿನ ಕೆಲಸ ಮಾಡಿದಿರಿ? ಎಷ್ಟಕ್ಕೆ ಬದಲಿ ರಜೆ ಸಿಕ್ಕಿತು? ಹನ್ನೆರಡು ತಿಂಗಳ ನಂತರ ಈ ಹುದ್ದೆ ಇರುತ್ತಾ ಅಂತ ನಿಮಗೆ ಗೊತ್ತಾ? ಐದು ಜನಕ್ಕಿಂತ ಚಿಕ್ಕ ತಂಡದ ಉತ್ತರ ಬೇರೆಯಾಗಿ ತೋರಿಸಬೇಡಿ, ಯಾರು ಬರೆದಿದ್ದು ಅಂತ ಬಾಸ್‌ಗೆ ತಕ್ಷಣ ಗೊತ್ತಾಗುತ್ತೆ. ಬಿಟ್ಟು ಹೋಗುವವರ ಮಾತನ್ನ ಕೊನೇ ದಿನ ಕೇಳಬೇಡಿ. ಬಾಕಿ ಹಣ, ಅನುಭವ ಪತ್ರ ಕೈಸೇರಿ ಮೂರು ತಿಂಗಳಾದ ಮೇಲೆ, ಅವರ ಬಾಸ್ ಅಲ್ಲದವರು ಕೇಳಲಿ.

ಸರಿಪಡಿಸೋದು ಪ್ರಪೋಸಲ್ ಬರೆಯುವಾಗಲೇ. ವರದಿಗೆ ಬೇಕಾದ ದಿನಗಳನ್ನ ಮಾನವ ದಿನಗಳಾಗಿ ಬಜೆಟ್ಟಿಗೆ ಹಾಕಿ. ಮೂರು ತಿಂಗಳ ಸಂಬಳದಷ್ಟು ನಿರ್ಬಂಧವಿಲ್ಲದ ಹಣ, ಅಂದ್ರೆ ಯಾವ ಪ್ರಾಜೆಕ್ಟಿಗೂ ಕಟ್ಟಿಹಾಕದ ಹಣ, ಕೂಡಿಡಿ. ಇದು ವರ್ಷಗಳ ಕೆಲಸ, ಗೊತ್ತು. ಫಂಡ್ ಮುಗಿಯೋ 90 ದಿನ ಮೊದಲೇ ಸಿಬ್ಬಂದಿಗೆ ಬರವಣಿಗೆಯಲ್ಲಿ ತಿಳಿಸೋದಕ್ಕಂತೂ ದುಡ್ಡು ಬೇಕಿಲ್ಲ.

ಸಂದರ್ಶನಕ್ಕೆ ಹೊರಟವರು ‘ನನ್ನ ಸಂಬಳ ಯಾವ ಫಂಡಿಂದ, ಅದು ಯಾವ ತಿಂಗಳು ಮುಗಿಯುತ್ತೆ?’ ಅಂತ ನೇರ ಕೇಳಿ. ಉತ್ತರದ ಬದಲು ಸೇವೆಯ ಬಗ್ಗೆ ಭಾಷಣ ಶುರುವಾದರೆ, ಆಫರ್ ಲೆಟರ್‌ನ ಅವಧಿ ಕಾಲಮ್ಮನ್ನ ಎರಡು ಸಲ ಓದಿ.